ನಾನೂರು ಸಿಸಿಯ ಪರೀಕ್ಷಾ ಸವಾರ

ಹಿನೆಕ್ ವೊಂದ್ರಾನ ತೂಕ ಅರವತ್ತೊಂದು ಕಿಲೋ ದಾಟಿದ್ದೇ ಇಲ್ಲ. ಮದುವೆಯ ದಿನವೂ ಅಷ್ಟೇ, ನಿವೃತ್ತಿಯ ದಿನವೂ ಅಷ್ಟೇ. ಬುಕೊವ್ನಾದ ಮೋಟಾರ್‌ಸೈಕಲ್ ಕಾರ್ಖಾನೆಗೆ ಅವನು ಹದಿನೇಳನೇ ವಯಸ್ಸಿನಲ್ಲಿ ಎರಕದ ಕೆಲಸಕ್ಕೆ ಸೇರಿ ಆರು ವರ್ಷ ಅಲ್ಯೂಮಿನಿಯಂ ಕಾಯಿಸಿ ಸುರಿದ. ಪರೀಕ್ಷಾ ವಿಭಾಗದ ಸವಾರನೊಬ್ಬ ಕಾಲು ಮುರಿದುಕೊಂಡಾಗ, ಹಗುರವಾದ ಆಳೊಬ್ಬನನ್ನು ಕಳಿಸಿ ಎಂದು ಮೇಲಿನಿಂದ ಸೂಚನೆ ಬಂತು. ಮೇಸ್ತ್ರಿ ಸುತ್ತ ಒಮ್ಮೆ ನೋಡಿ ಹಿನೆಕ್‌ನತ್ತ ಬೆರಳು ಮಾಡಿದ. 1957ರ ವಸಂತದಲ್ಲಿ ಅವನು ಮೋಟೋಕ್ರಾಸ್ ಬೈಕುಗಳ ಪರೀಕ್ಷಾ ಸವಾರನಾದದ್ದು ಹೀಗೆ.

ರೇಸು ಓಡುವವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಪರೀಕ್ಷಾ ಸವಾರನ ಹೆಸರು ಬರುವುದು ಕಾರ್ಖಾನೆಯ ದಿನಚರಿ ಪುಸ್ತಕದಲ್ಲಿ ಮಾತ್ರ, ಅದೂ ಅವನದೇ ಕೈಬರಹದಲ್ಲಿ. ಹಿನೆಕ್‌ಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ. ಊರಾಚೆಯ ಹಳೇ ಕಲ್ಲುಕ್ವಾರಿಯ ಹಿಂದೆ ಕಾರ್ಖಾನೆಯ ಪರೀಕ್ಷಾ ಮೈದಾನವಿತ್ತು. ಜೇಡಿಮಣ್ಣು, ಒಂದು ಉದ್ದನೆಯ ಏರು, ಮೂರು ಕಡಿದಾದ ತಿರುವು, ಒಂದು ನೆಗೆತದ ದಿಬ್ಬ. ದಿನಕ್ಕೆ ನಲವತ್ತು ಸುತ್ತು ಹೊಡೆದು, ಕೆಸರು ಒರೆಸಿಕೊಂಡು, ಪೆನ್ಸಿಲ್ ಹಿಡಿದು ಕೂರುತ್ತಿದ್ದ. ಎಂಜಿನ್ನಿನ ಒಳಗೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವನ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿ ನಿಂತರೂ ಏರಿನಲ್ಲಿ ಹೋಗುತ್ತಿರುವ ಬೈಕು ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದ. ಎಂಜಿನ್ ಬಿಚ್ಚುವ ಮೊದಲು ಮೆಕ್ಯಾನಿಕ್ಕುಗಳು ಅವನನ್ನು ಒಂದು ಮಾತು ಕೇಳುವ ರೂಢಿಯಿತ್ತು.

ಅವನ ಜೊತೆಗಾರ ಅಲೋಯಿಸ್ ಬೆರಾನ್. ತೊಂಬತ್ತೆರಡು ಕಿಲೋದ ಆಳು. ಬೈಕು ಕೆಸರಿನಲ್ಲಿ ಹೂತುಕೊಂಡರೆ ಹಿಂಚಕ್ರ ಹಿಡಿದು ಒಬ್ಬನೇ ಎತ್ತಿಡುತ್ತಿದ್ದ. ಹದಿಮೂರು ವರ್ಷ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಹಂದಿಕೊಬ್ಬು ಸವರಿದ ಬ್ರೆಡ್ಡು, ಈರುಳ್ಳಿ ತಿಂದಿದ್ದರು. ಭಾನುವಾರ ಹೆಂಡಂದಿರ ಸಮೇತ ಕಾಡಿಗೆ ಅಣಬೆ ಆರಿಸಲು ಹೋಗುತ್ತಿದ್ದರು.

"ಲೋ ಸೊಳ್ಳೆ, ನಿಂಗೆ ನೂರಿಪ್ಪತ್ತೈದೇ ಸರಿ ಕಣೋ. ದೊಡ್ಡ ಎಂಜಿನ್ ಮೇಲೆ ಕೂತ್ರೆ ಅದಕ್ಕೆ ಸವಾರ ಇದಾನೆ ಅಂತ್ಲೇ ಗೊತ್ತಾಗಲ್ಲ" ಎಂದು ಅಲೋಯಿಸ್ ಛೇಡಿಸುತ್ತಿದ್ದ.

"ನೀನು ನೂರಿಪ್ಪತ್ತೈದರ ಮೇಲೆ ಕೂತ್ರೆ ಬೈಕ್ ಇದೆ ಅಂತ್ಲೇ ಗೊತ್ತಾಗಲ್ವಲ್ಲೋ" ಎಂದು ಹಿನೆಕ್ ತಿರುಗಿ ಕೊಡುತ್ತಿದ್ದ.

ತಮಾಷೆಯೊಳಗೆ ನಿಜವೂ ಇತ್ತು. ನೂರಿಪ್ಪತ್ತೈದು ಸಿಸಿಯ ಬೈಕನ್ನು ಸದಾ ಕಿರುಚಿಸುತ್ತಲೇ ಇರಬೇಕು. ಒಂದು ಗೇರು ತಪ್ಪಿತೋ, ಏರಿನ ಮಧ್ಯೆ ಉಸಿರು ಬಿಟ್ಟು ನಿಲ್ಲುತ್ತದೆ. ಆದರೆ ಸವಾರ ತಪ್ಪು ಮಾಡಿದರೆ ಕ್ಷಮಿಸುತ್ತದೆ. ಬಿದ್ದರೂ ಎದ್ದು ಹತ್ತಬಹುದು. ಇನ್ನೂರೈವತ್ತು ಹೇಳಿದ ಮಾತು ಕೇಳುವ ಬೈಕು. ತಿರುವಿನಲ್ಲಿ ಮೈ ಬಾಗಿಸಿದರೆ ಜೊತೆಗೇ ಬಾಗುತ್ತದೆ, ಕೊಟ್ಟಷ್ಟೇ ಎಳೆಯುತ್ತದೆ. ಮುನ್ನೂರ ಅರವತ್ತರಲ್ಲಿ ಗೇರು ಅಷ್ಟಾಗಿ ಬದಲಿಸಬೇಕಿಲ್ಲ, ಕಡಿಮೆ ವೇಗದಿಂದಲೇ ಎಳೆತ ಸಿಗುತ್ತದೆ. ಆದರೆ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮುಂಗೈ ಕಲ್ಲಿನಂತಾಗಿ ಬೆರಳು ಮಡಚಲು ಬರುವುದಿಲ್ಲ. ಇದನ್ನೆಲ್ಲ ಹಿನೆಕ್ ವರ್ಷಗಟ್ಟಲೆ ಬರೆದಿಟ್ಟಿದ್ದ. ಸಿಸಿ ಹೆಚ್ಚಿಸುವುದು ಲೇತಿನ ಕೆಲಸ, ಹೆಚ್ಚಿದ ಬಲ ನೆಲಕ್ಕೆ ಇಳಿಯುವುದು ಸವಾರನ ಮೈಯ ಮೂಲಕ ಎಂದು ಒಂದು ಕಡೆ ಬರೆದು, ಅತಿಯಾಯಿತೇನೋ ಎನಿಸಿ ಅಳಿಸಿಯೂ ಇದ್ದ.

ನಾನೂರು ಸಿಸಿಯ ಬೈಕು ಬಂದದ್ದು 1969ರಲ್ಲಿ. ಪರದೇಶದ ಗಿರಾಕಿಗಳಿಗೆ ದೊಡ್ಡ ಅಂಕಿ ಬೇಕಿತ್ತು. ಅದರ ವಿನ್ಯಾಸ ಮಾಡಿದವರು ಇಂಜಿನಿಯರ್ ತೆಸಾರೆಕ್. ಒಳ್ಳೆಯವರೇ; ಯಾರ ಮೇಲೂ ದನಿ ಎತ್ತಿದವರಲ್ಲ. ಆದರೆ ಅವರು ಬೈಕನ್ನು ನೋಡುತ್ತಿದ್ದದ್ದು ಗ್ರಾಫ್ ಹಾಳೆಯ ಮೇಲೆ. ಮೊದಲ ವಾರದ ಕೊನೆಗೆ ಹಿನೆಕ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಅವರ ಕೋಣೆಗೆ ಹೋದ.

"ಇಂಜಿನಿಯರ್ರೇ, ಇದು ಓಡಲ್ಲ, ಒದೆಯುತ್ತೆ."

"ಮೂವತ್ತೊಂಬತ್ತು ಅಶ್ವಶಕ್ತಿ ಇದೆ ವೊಂದ್ರಾ. ಒದೀದೆ ಮುದ್ದಾಡುತ್ತಾ?"

"ಬಲ ಇರ್ಲಿ, ಬೇಡ ಅನ್ನಲ್ಲ. ಅದು ಬರೋ ರೀತಿ ಸರಿ ಇಲ್ಲ. ಎಂಜಿನ್ ನಿಧಾನ ತಿರುಗುವಾಗ ಏನೂ ಇಲ್ಲ, ಆಮೇಲೆ ಎಲ್ಲ ಒಟ್ಟಿಗೆ ಬರುತ್ತೆ. ಹಿಂಚಕ್ರ ಮಣ್ಣನ್ನ ಕಚ್ಚಲ್ಲ, ಕಿತ್ತು ಎಸೆಯುತ್ತೆ. ಒಳಗಿನ ಚಕ್ರ, ಆ ಫ್ಲೈವೀಲ್ ಭಾರ ಮಾಡಿ, ಕಂಪ್ರೆಷನ್ ಸ್ವಲ್ಪ ಇಳಿಸಿ; ಬಲ ಹದವಾಗಿ ಏರುತ್ತೆ. ಮೂರು ಅಶ್ವಶಕ್ತಿ ಹೋಗುತ್ತೆ. ಹೋಗ್ಲಿ ಬಿಡಿ."

ತೆಸಾರೆಕ್ ಸ್ಟಾಪ್‌ವಾಚಿನ ಲೆಕ್ಕ ನೋಡಿದರು. ಹಿನೆಕ್ ಇನ್ನೂರೈವತ್ತರಲ್ಲಿ ಸುತ್ತು ಮುಗಿಸುತ್ತಿದ್ದದ್ದು ಒಂದು ನಿಮಿಷ ಐವತ್ತೆಂಟು ಸೆಕೆಂಡಿಗೆ. ನಾನೂರರಲ್ಲಿ ಎರಡು ನಿಮಿಷ ಮೂರು ಸೆಕೆಂಡು. ನೆಲ ಒದ್ದೆಯಿದ್ದರೆ ಹದಿಮೂರು ಸೆಕೆಂಡು ಇನ್ನೂ ಹೆಚ್ಚು.

"ನಿಮ್ಮ ತೂಕ ಕಮ್ಮಿ, ಅದಕ್ಕೆ ಹೀಗೆ. ಬೆರಾನ್ ಹತ್ತಿ ನೋಡ್ಲಿ" ಎಂದರು.

ಅಲೋಯಿಸ್ ಹತ್ತಿದ. ಮೊದಲ ಸುತ್ತನ್ನು ಸರಿಯಾಗಿ ಎರಡು ನಿಮಿಷಕ್ಕೆ ಮುಗಿಸಿದ. ಅವನ ಮಟ್ಟಿಗೆ ಇನ್ನೂರೈವತ್ತಕ್ಕಿಂತ ಒಂದು ಸೆಕೆಂಡು ಬೇಗ. ನಗುತ್ತಲೇ ಇಳಿದ. ಆದರೆ ಹನ್ನೆರಡನೇ ಸುತ್ತಿಗೆ ಎರಡು ನಿಮಿಷ ಒಂಬತ್ತು ಸೆಕೆಂಡಾಯಿತು. ಕ್ಲಚ್ ಬಿಟ್ಟ ಎಡಗೈ ಅದುರುತ್ತಿತ್ತು. ಹಿನೆಕ್ ಹನ್ನೆರಡೂ ಸುತ್ತುಗಳನ್ನು ಬರೆದ. ತೆಸಾರೆಕ್ ಮೊದಲನೆಯದನ್ನು ಮಾತ್ರ ಮೇಲಕ್ಕೆ ಕಳಿಸಿದರು.

ಮುಂದಿನ ವರ್ಷ ಅಕ್ಟೋಬರಿನಲ್ಲಿ ರಾಜಧಾನಿ ಪ್ರಾಗ್‌ನಿಂದ ರಫ್ತು ಕಚೇರಿಯ ನಾಲ್ವರು ಬೈಕು ನೋಡಲು ಬಂದರು. ಹಿಂದಿನ ಎರಡು ದಿನ ಬಿಡದೆ ಮಳೆ. ಏರಿನ ಜೇಡಿ ಸಾಬೂನಿನಂತಾಗಿತ್ತು. ಆ ದಿನದ ಸವಾರರ ಪಟ್ಟಿಯಲ್ಲಿದ್ದದ್ದು ಹಿನೆಕ್‌ನ ಹೆಸರು. ಅವನು ಏರನ್ನು ನಡೆದೇ ಹತ್ತಿ ಇಳಿದು ಬಂದ.

"ಇವತ್ತು ನಾನು ನಾನೂರು ಹತ್ತಲ್ಲ. ಇನ್ನೂರೈವತ್ತು ಬೇಕಾದ್ರೆ ಓಡಿಸಿ ತೋರಿಸ್ತೀನಿ."

ತೆಸಾರೆಕ್‌ರ ಮುಖ ಬಿಳಿಚಿಕೊಂಡಿತು. ಸೂಟು ತೊಟ್ಟವರು ಕೊಡೆಯಡಿ ಕಾಯುತ್ತಿದ್ದರು. ಅಲೋಯಿಸ್ ಬೆಂಚಿನಿಂದ ಎದ್ದು ಕೈಗವಸು ಏರಿಸಿಕೊಂಡ.

"ಬಿಡ್ರಿ, ನಾನು ಹೋಗ್ತೀನಿ. ಪಾಪ, ಅಷ್ಟು ದೂರದಿಂದ ಬಂದಿದಾರೆ."

"ಅಲೋಯಿಸ್, ಬೇಡ ಕಣೋ. ಮೇಲಿನ ತಿರುವು ಕೆಟ್ಟೋಗಿದೆ."

"ಮೂರನೇ ಗೇರಲ್ಲಿ ನಿಧಾನ ಹೋಗ್ತೀನಿ. ನೀನು ಹೋಗಿ ಕಾಫಿ ಕಾಯಿಸು, ಸೊಳ್ಳೆ."

ಹೇಳಿದಂತೆಯೇ ಮೂರನೇ ಗೇರಿನಲ್ಲಿ ಹೋದ. ಕೆಳಗೆ ನಿಂತಿದ್ದ ಹಿನೆಕ್‌ಗೆ ಅದು ಸ್ಪಷ್ಟವಾಗಿ ಕೇಳಿಸಿತು. ಎಂಜಿನ್ ಗುರುಗುಟ್ಟುತ್ತ ಏರಿತು, ತಿರುವಿನ ಬಾಯಲ್ಲಿ ಒಂದು ಕ್ಷಣ ತಡೆದು, ಒಮ್ಮೆಲೇ ಚೀರಿತು. ಹಿಂಚಕ್ರ ಪಕ್ಕಕ್ಕೆ ಜಾರಿ, ಮಣ್ಣಿನಡಿಯ ಕಲ್ಲೊಂದರ ಮೇಲೆ ಹಿಡಿತ ಸಿಕ್ಕು, ಬೈಕು ನಿಂತ ನಿಲುವಿನಲ್ಲೇ ಮಗುಚಿಬಿತ್ತು. ಅಲೋಯಿಸ್ ಕೆಳಗೆ, ನೂರಾ ಎಂಟು ಕಿಲೋದ ಬೈಕು ಅವನ ಮೇಲೆ. ಹಿನೆಕ್ ಓಡಿ ತಲುಪಿದಾಗ ಅವನಿಗೆ ಪ್ರಜ್ಞೆಯಿತ್ತು. "ಎಂಜಿನ್ ಆಫ್ ಮಾಡು" ಎಂದಷ್ಟೇ ಹೇಳಿದ.

ಸೊಂಟದ ಮೂಳೆ ಮೂರು ಕಡೆ ಒಡೆದಿತ್ತು. ಬಲ ಮೊಣಕಾಲು ಮತ್ತೆಂದೂ ಮಡಚಲಿಲ್ಲ.

ವಿಚಾರಣೆಗೆ ಕಾರ್ಖಾನೆಯವರೇ ಸಮಿತಿ ಮಾಡಿದರು. ಸಿಬ್ಬಂದಿ ವಿಭಾಗದ ಕಾಮ್ರೇಡ್ ಶ್ತುರ್ಮಾ ಮೂರನೇ ವಾರದಲ್ಲಿ ಹಿನೆಕ್‌ನನ್ನು ಕರೆಸಿ ಒಂದು ಹಾಳೆ ಮುಂದಿಟ್ಟ. ಸವಾರನು ಒದ್ದೆ ನೆಲದಲ್ಲಿ ಎಳೆತ ಹೆಚ್ಚಿರುವ ಎರಡನೇ ಗೇರು ಬಳಸಿ ಚಕ್ರ ಜಾರಿಸಿದ್ದೇ ಅಪಘಾತಕ್ಕೆ ಕಾರಣ, ವಾಹನದಲ್ಲಿ ದೋಷವಿರಲಿಲ್ಲ ಎಂದಿತ್ತು. ಕೆಳಗೆ ಸಾಕ್ಷಿಯ ಸಹಿಗೆ ಜಾಗ.

"ಅವನು ಮೂರನೇ ಗೇರಲ್ಲಿದ್ದ, ಕಾಮ್ರೇಡ್."

"ನೀವು ಗೇರ್ ಬಾಕ್ಸ್ ಒಳಗೆ ಕೂತಿದ್ರಾ?"

"ಕೇಳಿಸ್ತು."

"ಕೇಳಿಸ್ತು!" ಶ್ತುರ್ಮಾ ಪೆನ್ನಿನ ಮುಚ್ಚಳ ತೆಗೆದ. "ನೋಡಿ ವೊಂದ್ರಾ, ಆ ದಿನ ಹೋಗಬೇಕಾಗಿದ್ದೋರು ನೀವು. ಹೋಗಲ್ಲ ಅಂದ್ರಿ. ಕೆಲಸ ನಿರಾಕರಿಸಿದ್ದಕ್ಕೆ ನಾನಿನ್ನೂ ಏನೂ ಬರೆದಿಲ್ಲ. ಬರೆದ್ರೆ ನಾಳೆಯಿಂದ ವಾಪಸ್ ಎರಕದ ಕೆಲಸಕ್ಕೆ. ಈ ಬೈಕನ್ನ ಆಮೇಲೆ ಯಾರು ಓಡಿಸಿ ಸರಿ ಮಾಡ್ತಾರೆ? ಹೇಳಿ."

ಆ ಕೊನೆಯ ಮಾತು ಹಿನೆಕ್‌ನ ಮನಸ್ಸಿಗೆ ಅಂಟಿಕೊಂಡಿತು. ನಾನು ಹೊರಗೆ ಹೋದರೆ ಈ ಎಂಜಿನ್ನಿನ ದೋಷ ಬಲ್ಲವರು ಒಳಗೆ ಯಾರೂ ಉಳಿಯುವುದಿಲ್ಲ. ನಾಳೆ ಇನ್ನೊಬ್ಬ ಬೀಳುತ್ತಾನೆ. ಒಳಗಿದ್ದರೆ ಸರಿಪಡಿಸಬಹುದು. ಹೀಗೆ ಯೋಚಿಸಿ ಸಹಿ ಹಾಕಿದ. ಹೆದರಿ ಹಾಕಿದ್ದೋ, ಬೈಕಿಗಾಗಿ ಹಾಕಿದ್ದೋ ಎಂದು ಆಮೇಲೆ ಎಷ್ಟು ತೂಗಿ ನೋಡಿದರೂ ಅವನಿಗೆ ಖಚಿತವಾಗಲಿಲ್ಲ.

ಮನೆಯಲ್ಲಿ ಹೆಂಡತಿ ಲಿಬುಷೆ ಸಬ್ಬಸಿಗೆ ಸೊಪ್ಪಿನ ಸಾರು ಬಡಿಸುತ್ತ ಕೇಳಿಸಿಕೊಂಡಳು. ಸೌಟು ಪಾತ್ರೆಯಲ್ಲೇ ಬಿಟ್ಟು ಕೂತಳು.

"ನಿನ್ನ ಕಿವಿ ಸುಳ್ಳು ಹೇಳಲ್ಲ ಅಂತ ಇಡೀ ಊರಿಗೆ ಗೊತ್ತು ಹಿನೆಕ್. ಅಲೋಯಿಸ್‌ಗಂತೂ ಚೆನ್ನಾಗಿ ಗೊತ್ತು."

"ನಾನು ಎಂಜಿನ್ ಸರಿ ಮಾಡಿಸ್ತೀನಿ."

"ಅವನ ಕಾಲು?"

ಸಾರು ಆರಿಹೋಯಿತು.

ಅಲೋಯಿಸ್‌ಗೆ ವಿಷಯ ತಿಳಿದದ್ದು ನಾಲ್ಕು ತಿಂಗಳ ನಂತರ, ಪಿಂಚಣಿಯ ಆದೇಶ ಕೈಗೆ ಬಂದಾಗ. ತಪ್ಪು ಸವಾರನದೇ ಎಂದಾದ್ದರಿಂದ ಅಪಘಾತದ ಪರಿಹಾರ ಅರ್ಧಕ್ಕಿಳಿದಿತ್ತು. ಸಾಕ್ಷಿಯ ಹೆಸರೂ ಅದರಲ್ಲಿತ್ತು. ಇದು ಗೊತ್ತಿಲ್ಲದೆ ಹಿನೆಕ್ ಎಂದಿನಂತೆ ಭಾನುವಾರ ಗಸಗಸೆ ತುಂಬಿದ ಬನ್ನುಗಳನ್ನು ಕಟ್ಟಿಸಿಕೊಂಡು ಹೋದ. ಬಾಗಿಲು ತೆರೆದದ್ದು ಅಲೋಯಿಸ್‌ನ ಹೆಂಡತಿ ವ್ಲಾಸ್ತಾ. ಬೂಟು ಕಳಚಲು ಬಗ್ಗಿದವನನ್ನು ಅವಳು ಹೊಸ್ತಿಲಲ್ಲೇ ತಡೆದಳು.

"ಬಿಚ್ಚಬೇಡಿ. ಒಳಗೆ ಬರೋದಿಲ್ಲ ನೀವು."

"ವ್ಲಾಸ್ತಾ, ಏನಾಯ್ತು?"

"ಏನಾಯ್ತು ಅಂತ ಬರೆದು ಸಹಿ ಮಾಡಿದೀರಲ್ಲ, ಓದ್ಕೊಳ್ಳಿ."

ಒಳಗಿನ ಕೋಣೆಯಿಂದ ಊರುಗೋಲಿನ ಸದ್ದು ಕೇಳಿಸಿತು. ಅದು ಬಾಗಿಲವರೆಗೆ ಬರಲಿಲ್ಲ.

ಆ ಬೇಸಿಗೆಯಲ್ಲಿ ಅಲೋಯಿಸ್‌ಗೆ ಕಾರ್ಖಾನೆಯ ಮುಖ್ಯ ಗೇಟಿನಲ್ಲಿ ಕಾವಲಿನ ಕೆಲಸ ಕೊಟ್ಟರು. ಮೊದಲ ದಿನ ಬೆಳಗ್ಗೆ ಆರಕ್ಕೆ ಹಿನೆಕ್ ಗೇಟಿಗೆ ಬಂದ. ಅಲೋಯಿಸ್ ಕಿಟಕಿಯ ಹಿಂದೆ ಕಾಲು ನೀಟಿ ಕೂತಿದ್ದ.

"ಅಲೋಯಿಸ್..."

"ಪಾಸ್ ತೋರಿಸಿ."

"ನಾನು ಕಣೋ."

"ನಿಮ್ಮ ಪಾಸ್ ತೋರಿಸಿ. ಹಿಂದೆ ಜನ ನಿಂತಿದಾರೆ."

ಹಿನೆಕ್ ಪಾಸು ತೋರಿಸಿದ. ಅಲೋಯಿಸ್ ಫೋಟೋ ನೋಡಿದ, ಮುಖ ನೋಡಿದ, ತಲೆಯಾಡಿಸಿದ. ಹದಿಮೂರು ವರ್ಷ ಲೋ ಎಂದವನು ಅಂದಿನಿಂದ ನೀವು ಎಂದ. ಬೇರೆಯವರು ಕೈಬೀಸಿ ಒಳಗೆ ಹೋಗುತ್ತಿದ್ದರು. ಹಿನೆಕ್ ಮಾತ್ರ ದಿನವೂ ಪಾಸು ತೆಗೆದು ಹಿಡಿಯಬೇಕಿತ್ತು. ಹಿಂದಿನ ಗೇಟಿನಿಂದ ಹೋಗಬಹುದಿತ್ತು. ಹೋಗಲಿಲ್ಲ.

ಒಳಗೆ ಅವನು ತನಗೆ ತಾನೇ ಕೊಟ್ಟುಕೊಂಡ ಮಾತಿನಂತೆ ನಡೆದ. ನಾನೂರರ ಬಗ್ಗೆ ಮೂವತ್ತೊಂದು ಪುಟ ಬರೆದ. ಪ್ರತಿ ತಿರುವಿನ ವೇಗ, ಪ್ರತಿ ಜಾರಿಕೆ. ಫ್ಲೈವೀಲಿಗೆ ಒಂದೂಕಾಲು ಕಿಲೋ ಸೇರಿಸಿದರೆ ಸಾಕೆಂದು ಲೆಕ್ಕ ಹಾಕಿ ತೋರಿಸಿದ. ಕಿಕ್ ಹೊಡೆಯುವಾಗ ಎಂಜಿನ್ ತಿರುಗಿ ಒದ್ದು ಅವನ ಪಾದದ ಕೀಲು ಎರಡು ಸಲ ಊದಿಕೊಂಡಿತ್ತು, ಅದನ್ನೂ ಬರೆದ. ತೆಸಾರೆಕ್ ಪ್ರತಿ ಸಲವೂ ಸೌಜನ್ಯದಿಂದ ಹಾಳೆ ತೆಗೆದುಕೊಂಡು ಕಪಾಟಿನಲ್ಲಿಟ್ಟರು. ಅಶ್ವಶಕ್ತಿ ಕಡಿಮೆ ಮಾಡಿ ಎಂದು ಮೇಲಿನವರ ಮುಂದೆ ಹೋಗಿ ಹೇಳುವ ಧೈರ್ಯ ಅವರಿಗಿರಲಿಲ್ಲ.

1972ರ ಮಾರ್ಚಿನಲ್ಲಿ ಕಾರ್ಖಾನೆಯ ತಂಡದ ಹೆಸರಾಂತ ಸವಾರ ರಾದಿಮ್ ಸ್ಕಾಲಾ ಬಂದ. ಆ ವರ್ಷ ಅವನು ದೊಡ್ಡ ಎಂಜಿನ್ನುಗಳ ವರ್ಗದಲ್ಲಿ ಓಡಬೇಕಿತ್ತು. ನಾನೂರು ಹತ್ತಿ ಇಪ್ಪತ್ತು ನಿಮಿಷ ಓಡಿಸಿದ. ಇಳಿದು ಕೈಗವಸನ್ನು ಬೆಂಚಿನ ಮೇಲೆ ಬಿಸಾಡಿದ.

"ಇದನ್ನ ಯಾರ್ರಿ ಓಡಿಸ್ತಾರೆ? ಕತ್ತೆ ಒದ್ದಂಗೆ ಒದೆಯುತ್ತೆ. ಒಳಗಿನ ಚಕ್ರ ಭಾರ ಮಾಡ್ರಿ, ಇಲ್ದಿದ್ರೆ ನಂಗೆ ಇನ್ನೂರೈವತ್ತೇ ಕೊಡಿ."

ಅಷ್ಟೇ ಮಾತು. ಒಂಬತ್ತನೇ ದಿನಕ್ಕೆ ಹೊಸ ಫ್ಲೈವೀಲ್ ಸಿದ್ಧವಾಗಿತ್ತು. ಒಂದೂಕಾಲು ಕಿಲೋ ಹೆಚ್ಚು ತೂಕ. ಅದನ್ನು ಜೋಡಿಸಿ ಓಡಿಸಿ ನೋಡುವ ಕೆಲಸ ಹಿನೆಕ್‌ಗೇ ಬಂತು.

ಅಂಥ ಬೈಕನ್ನು ಅವನು ಅದುವರೆಗೆ ಹತ್ತಿರಲಿಲ್ಲ. ಬಲ ಅಡಿಯಿಂದ ಅಲೆಯಂತೆ ಏರಿ ಬಂತು. ಹಿಂಚಕ್ರ ಮಣ್ಣನ್ನು ಕಚ್ಚಿ ಹಿಡಿದು ತಳ್ಳಿತು. ಎರಡು ವರ್ಷ ಬರೀ ಕಾಗದದ ಮೇಲೆ ಓಡಿಸಿದ್ದ ಬೈಕು ಈಗ ತೊಡೆಗಳ ನಡುವೆ ಇತ್ತು. ಮೇಲಿನ ತಿರುವನ್ನು ಮೂರನೇ ಗೇರಿನಲ್ಲೇ ತೆಗೆದುಕೊಂಡ, ಬೈಕು ಅಲುಗಾಡಲಿಲ್ಲ. ಸುತ್ತು ಮುಗಿದದ್ದು ಒಂದು ನಿಮಿಷ ಐವತ್ತೈದು ಸೆಕೆಂಡಿಗೆ, ಆ ಮೈದಾನದಲ್ಲಿ ಯಾರೂ ಮಾಡಿರದ ವೇಗ. ಕೂಗಿಬಿಡುವಷ್ಟು ಸಂತೋಷವಾಯಿತು. ಮರುಗಳಿಗೆಯೇ ಆ ಸಂತೋಷದ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಹೆಲ್ಮೆಟ್ ತೆಗೆಯದೆ ಬೈಕಿನ ಮೇಲೆಯೇ ಕೂತಿದ್ದ.

"ನೋಡಿದ್ರಾ, ಸ್ಕಾಲಾ ಹೇಳಿದ್ದೇ ಸರಿ ಆಯ್ತು" ಎಂದರು ತೆಸಾರೆಕ್.

"ನಾನು ಹೇಳಿದ್ದೂ ಇದನ್ನೇ, ಇಂಜಿನಿಯರ್ರೇ. ತೂಕ ಕೂಡ ಇಷ್ಟೇ."

ತೆಸಾರೆಕ್ ನೆಲ ನೋಡಿದರು. "ನೀವು ಹೇಳಿದ್ರೆ ನಾನು ಯಾರ ಹತ್ರ ಹೋಗ್ಲಿ, ವೊಂದ್ರಾ? ಅವನು ಹೇಳಿದ್ರೆ ನಿರ್ದೇಶಕರೇ ಫೋನ್ ಮಾಡ್ತಾರೆ."

ಎಲ್ಲರೂ ಅದನ್ನು ಸ್ಕಾಲಾ ಫ್ಲೈವೀಲ್ ಎಂದೇ ಕರೆದರು. ಹಿನೆಕ್‌ಗೆ ಹೆಸರಿನ ಆಸೆ ಹುಟ್ಟಲಿಲ್ಲ. ಹುಟ್ಟಿದ್ದು ಬೇರೊಂದು ಆಸೆ. ಮರುದಿನವೇ ಶ್ತುರ್ಮಾನ ಕೋಣೆಗೆ ಹೋದ.

"ಎಂಜಿನ್ ಬದಲಾಯಿಸಿದೀರಿ. ಅಂದ್ಮೇಲೆ ಮೊದಲು ದೋಷ ಇತ್ತು ಅಂತ ಆಯ್ತಲ್ಲ. ಬೆರಾನ್ ಕಾಗದ ತಿದ್ದಿ."

"ಸುಧಾರಣೆ ಮಾಡಿದ್ರೆ ಮೊದಲು ದೋಷ ಇತ್ತು ಅಂತ ಅರ್ಥ ಅಲ್ಲ" ಎಂದ ಶ್ತುರ್ಮಾ. ಹಾಳೆ ಹುಡುಕಿ ತೆಗೆದು ಮೇಜಿನ ಮೇಲಿಟ್ಟ. "ಈ ಸಹಿ ನಿಮ್ಮದೇ ತಾನೇ? ಎರಡನೇ ಗೇರು ಅನ್ನೋದು ಸುಳ್ಳು ಅಂತೀರಾ? ಹಾಗಿದ್ರೆ ಸಮಿತಿ ಮುಂದೆ ಸುಳ್ಳು ಸಾಕ್ಷಿ ಹೇಳಿದೀರಿ. ಅದಕ್ಕೆ ಜೈಲಿದೆ. ಬರೆದುಕೊಡ್ತೀರಾ? ಪೆನ್ ಕೊಡ್ಲಾ?"

ಹಿನೆಕ್ ಪೆನ್ನು ಮುಟ್ಟದೆ ಟೋಪಿ ಹಾಕಿಕೊಂಡು ಹೊರಗೆ ಬಂದ. ಮೊದಲ ಸಲ ಸಹಿ ಹಾಕಿದಾಗ ನೆಪವಾದರೂ ಇತ್ತು. ಈ ಸಲ ಅದೂ ಇರಲಿಲ್ಲ.

ಇನ್ನಾರು ವರ್ಷ ಓಡಿಸಿದ. ಆಮೇಲೆ ಎಂಜಿನ್ನುಗಳ ನಡುಕಕ್ಕೆ ಬೆರಳುಗಳು ಸೋತವು. ಚಳಿಗೆ ತುದಿಗಳು ಸುಣ್ಣದಂತೆ ಬೆಳ್ಳಗಾಗುತ್ತಿದ್ದವು, ಅಂಗಿಯ ಗುಂಡಿ ಹಾಕಲು ಲಿಬುಷೆ ಬೇಕಾಗುತ್ತಿತ್ತು. ಅವನನ್ನು ಉಗ್ರಾಣಕ್ಕೆ ಹಾಕಿದರು. ಬೋಲ್ಟು, ವಾಷರು ಎಣಿಸಿ ಕೊಡುವ ಕೆಲಸ. ಬೆಳಗ್ಗೆ ಆರಕ್ಕೆ ಗೇಟಿನಲ್ಲಿ ಮರಗಟ್ಟಿದ ಬೆರಳುಗಳಿಂದ ಪಾಸು ತೆಗೆಯಲು ಹೊತ್ತು ಹಿಡಿಯುತ್ತಿತ್ತು. ಅಲೋಯಿಸ್ ಕಾಯುತ್ತಿದ್ದ. "ಹೋಗಿ" ಎನ್ನುತ್ತಿದ್ದ. ಹದಿನೆಂಟು ವರ್ಷ.

1989ರ ಚಳಿಗಾಲದಲ್ಲಿ ಕಮ್ಯುನಿಸ್ಟ್ ಸರ್ಕಾರ ಉರುಳಿತು. ಶ್ತುರ್ಮಾ ರಾತ್ರೋರಾತ್ರಿ ಕಾಮ್ರೇಡ್‌ತನ ಕಳಚಿಟ್ಟು ಪೀಠೋಪಕರಣದ ಅಂಗಡಿ ತೆರೆದ. ಹಿನೆಕ್ ಜನವರಿಯಲ್ಲಿ ಮೂರು ದಿನ ಕೂತು, ಓದಲು ಬರುವಂತೆ ದೊಡ್ಡ ಅಕ್ಷರದಲ್ಲಿ ಎಲ್ಲವನ್ನೂ ಬರೆದ. ಬೆರಾನ್ ಮೂರನೇ ಗೇರಿನಲ್ಲಿದ್ದ, ನನಗೆ ಕೇಳಿಸಿತ್ತು, ನಾನು ಸುಳ್ಳಿಗೆ ಸಹಿ ಹಾಕಿದೆ. ಹತ್ತೊಂಬತ್ತು ವರ್ಷಗಳ ನಂತರ ಅಲೋಯಿಸ್‌ನ ಮನೆ ಬಾಗಿಲು ತಟ್ಟಿದ. ವ್ಲಾಸ್ತಾ ಅವನನ್ನು ನೋಡಿ, ಪಕ್ಕಕ್ಕೆ ಸರಿದು ಒಳಗೆ ಬಿಟ್ಟಳು.

ಅಲೋಯಿಸ್ ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದ.

"ಇದನ್ನ ಪಿಂಚಣಿ ಕಚೇರಿಗೆ ಕಳಿಸ್ತೀನಿ. ಜೈಲಾದ್ರೂ ಆಗ್ಲಿ" ಎಂದ ಹಿನೆಕ್.

"ಈಗ ಜೈಲಾಗಲ್ಲ, ಅದು ನಿಮಗೂ ಗೊತ್ತು." ಅಲೋಯಿಸ್ ಕನ್ನಡಕ ತೆಗೆದ. "ಎಂಜಿನ್ ಮೇಲೆ ನಂಗೆ ಯಾವತ್ತೂ ಸಿಟ್ಟಿರ್ಲಿಲ್ಲ. ಅದಕ್ಕೇನು ಬುದ್ಧಿ ಇದೆಯಾ? ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಏನಂದ್ಕೊಂಡಿದ್ದೆ ಗೊತ್ತಾ? ಯಾರು ಏನ್ ಬರೆದ್ರೂ ಆಗ್ಲಿ, ಹಿನೆಕ್ ಕೆಳಗೆ ನಿಂತಿದ್ದ, ಅವನಿಗೆ ಕೇಳಿಸಿರುತ್ತೆ ಅಂತ. ವ್ಲಾಸ್ತಾಗೂ ಅದನ್ನೇ ಹೇಳ್ತಿದ್ದೆ."

ಹಿನೆಕ್ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ಬೆಚ್ಚಗಿನ ಕೋಣೆಯಲ್ಲೂ ಬೆರಳುಗಳು ಬೆಳ್ಳಗಿದ್ದವು.

"ಕಳಿಸಿ" ಎಂದ ಅಲೋಯಿಸ್. "ನಂಗೇನೂ ಅಡ್ಡಿ ಇಲ್ಲ."

ಕಚೇರಿಯಿಂದ ಉತ್ತರ ಬಂದದ್ದು ಹದಿನಾಲ್ಕು ತಿಂಗಳ ನಂತರ. ಕಾರ್ಖಾನೆಯ ಬೈಕು ವಿಭಾಗ ಅಷ್ಟರಲ್ಲಿ ಮುಚ್ಚಿತ್ತು, ಹಳೆಯ ಕಡತಗಳು ರದ್ದಿಗೆ ಹೋಗಿದ್ದವು. ಮೂಲ ದಾಖಲೆ ಲಭ್ಯವಿಲ್ಲದ ಕಾರಣ ಆದೇಶವನ್ನು ಬದಲಿಸಲು ಸಾಧ್ಯವಿಲ್ಲ ಎಂದು ನಾಲ್ಕು ಸಾಲು ಬರೆದಿದ್ದರು. ತೆಸಾರೆಕ್‌ರ ಕಪಾಟಿನಲ್ಲಿದ್ದ ಮೂವತ್ತೊಂದು ಪುಟಗಳೂ ಆ ರದ್ದಿಯಲ್ಲೇ ಹೋಗಿರಬೇಕು.

ಹಿನೆಕ್ ಆ ಕಾಗದವನ್ನು ತಾನೇ ಕೊಂಡೊಯ್ದ. ಅಲೋಯಿಸ್ ಆಗ ಹಾಸಿಗೆ ಹಿಡಿದಿದ್ದ. ಸೊಂಟದ ಹಳೇ ಮುರಿತದ ಜಾಗದಲ್ಲಿ ಮೂಳೆ ಕೊಳೆಯತೊಡಗಿತ್ತು. ವ್ಲಾಸ್ತಾ ಓದಿ ಹೇಳಿದಳು. ಅಲೋಯಿಸ್ ಗೋಡೆಯತ್ತ ಮುಖ ಮಾಡಿ ಕೇಳಿಸಿಕೊಂಡ.

"ಆಯ್ತಲ್ಲ" ಎಂದ ಕೊನೆಗೆ. "ಹೊರಗೆ ಮಂಜು ಬಿದ್ದಿದೆ, ಮೆಟ್ಟಿಲು ಜಾರುತ್ತೆ. ನೋಡ್ಕೊಂಡು ಇಳೀರಿ."

ಹಿನೆಕ್ ಹಜಾರಕ್ಕೆ ಬಂದು ಬೂಟು ತೊಟ್ಟ. ಲೇಸು ಕಟ್ಟಲು ಬೆರಳು ಬಾಗಲಿಲ್ಲ. ಎರಡು ಸಲ ಪ್ರಯತ್ನಿಸಿ, ಹಾಗೇ ಬಿಟ್ಟು, ಸಡಿಲ ಬೂಟಿನಲ್ಲೇ ಮೆಟ್ಟಿಲಿಳಿದು ಹೋದ.